ಸೈಕಲ್ ಸ್ಟಂಟ್: ಕಾಣುವ ರೋಮಾಂಚನ, ಕಾಣದ ಗಾಯ

ಎತ್ತರದ ಇಳಿಜಾರಿನಿಂದ ಸೈಕಲೊಂದು ಗಾಳಿಗೆ ಹಾರುತ್ತದೆ. ಸವಾರ ಸೈಕಲ್ ಸಮೇತ ತಲೆಕೆಳಗಾಗಿ ಒಂದು ಸುತ್ತು ತಿರುಗಿ, ಎರಡೂ ಚಕ್ರಗಳ ಮೇಲೆ ನೆಟ್ಟಗೆ ಇಳಿಯುತ್ತಾನೆ. ನೋಡುವವರ ಎದೆ ಒಂದು ಕ್ಷಣ ಝಲ್ಲೆನ್ನುತ್ತದೆ. ಇಂತಹ ಕೆಲವೇ ಸೆಕೆಂಡುಗಳ ದೃಶ್ಯವನ್ನು ಮೊಬೈಲಿನಲ್ಲಿ ನೋಡದ ಹುಡುಗರು ಇಂದು ಬಹಳ ಕಡಿಮೆ. ನೋಡಿದವರಲ್ಲಿ ಕೆಲವರಿಗೆ ಅದನ್ನು ಮಾಡಿ ನೋಡುವ ಆಸೆಯೂ ಹುಟ್ಟುತ್ತದೆ. ಶಾಲೆ ಬಿಟ್ಟ ಮೇಲೆ ಮನೆಯ ಮುಂದಿನ ರಸ್ತೆಯಲ್ಲಿ ಮುಂಚಕ್ರ ಎತ್ತಿ ಸೈಕಲ್ ಓಡಿಸುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ.

ಈ ಆಟವನ್ನು ಬರೀ ಹುಚ್ಚಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಬೈದು ಸುಮ್ಮನಾಗಿಸಿದ ಮಗು ಆಟವನ್ನು ಬಿಡುವುದಿಲ್ಲ, ಬಿದ್ದದ್ದನ್ನು ಮನೆಯಲ್ಲಿ ಹೇಳುವುದನ್ನು ಮಾತ್ರ ಬಿಡುತ್ತದೆ. ಸೈಕಲ್ ಸ್ಟಂಟಿನ ಅತ್ಯಂತ ಅಪಾಯಕಾರಿ ಗಾಯಗಳು ಹೊರಗೆ ಕಾಣದವು. ಆದ್ದರಿಂದ ಈ ಮೌನ ಕೆಲವೊಮ್ಮೆ ಪೆಟ್ಟಿಗಿಂತಲೂ ದುಬಾರಿಯಾಗುತ್ತದೆ. ಆಟ ಎಂತಹದು, ಅಪಾಯ ಎಲ್ಲಿದೆ, ಬಿದ್ದಾಗ ಏನು ಮಾಡಬೇಕು ಎಂಬುದನ್ನು ಹೆತ್ತವರೂ ಮಕ್ಕಳೂ ಕೂಡಿಯೇ ತಿಳಿದುಕೊಳ್ಳಬೇಕು.

ಮಕ್ಕಳೇ ಹುಟ್ಟುಹಾಕಿದ ಆಟ

ಸ್ಟಂಟ್ ಸೈಕಲ್ ಎಂದಾಗ ಮೊದಲು ನೆನಪಾಗುವುದು ಬಿಎಂಎಕ್ಸ್. ಬೈಸಿಕಲ್ ಮೋಟೊಕ್ರಾಸ್ ಎಂಬುದರ ಚಿಕ್ಕ ಹೆಸರು ಇದು. 1970ರ ದಶಕದ ಆರಂಭದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳು, ಮಣ್ಣಿನ ದಿಬ್ಬಗಳ ಮೇಲೆ ಮೋಟಾರ್ ಬೈಕ್ ಓಡಿಸುವವರನ್ನು ನೋಡಿ ತಮ್ಮ ಪುಟ್ಟ ಸೈಕಲ್‌ಗಳಲ್ಲಿ ಹಾಗೆಯೇ ಮಾಡತೊಡಗಿದರು. ಆ ದಶಕದ ಕೊನೆಯ ಹೊತ್ತಿಗೆ ಮಕ್ಕಳು ಸ್ಕೇಟ್‌ಬೋರ್ಡ್ ಮೈದಾನಗಳಿಗೂ ನೀರಿಲ್ಲದ ಈಜುಕೊಳಗಳಿಗೂ ಸೈಕಲ್ ಇಳಿಸಿದರು. ಫ್ರೀಸ್ಟೈಲ್ ಎಂಬ ಸಾಹಸ ಪ್ರಕಾರ ಬೆಳೆದದ್ದು ಹೀಗೆ. ಮಕ್ಕಳ ಆ ಅನುಕರಣೆ ಇಂದು ಒಲಿಂಪಿಕ್ ಕ್ರೀಡೆ. ಬಿಎಂಎಕ್ಸ್ ಓಟ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸೇರಿತು. ಫ್ರೀಸ್ಟೈಲ್, 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಸೇರಿತು.

ಈ ಸೈಕಲಿನ ಚಕ್ರ 20 ಇಂಚಿನದು. ಗೇರ್ ಇಲ್ಲ, ಸೀಟು ತಗ್ಗಿನಲ್ಲಿರುತ್ತದೆ, ಚೌಕಟ್ಟು ಬಹಳ ಗಟ್ಟಿ. ಇದಲ್ಲದೆ ಬೆಟ್ಟದ ಸೈಕಲ್‌ಗಳಲ್ಲಿ ಕಡಿದಾದ ಬಂಡೆಗಳಿಂದ ಧುಮುಕುವ ಪಂದ್ಯಗಳೂ ಇವೆ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ 2001ರಲ್ಲಿ ಆರಂಭವಾದ ರೆಡ್ ಬುಲ್ ರಾಂಪೇಜ್ ಅವುಗಳಲ್ಲಿ ಹೆಸರಾದದ್ದು. 2013ರಲ್ಲಿ ಅಲ್ಲಿ ನ್ಯೂಜಿಲೆಂಡಿನ ಕೆಲ್ಲಿ ಮೆಕ್‌ಗ್ಯಾರಿ 72 ಅಡಿ ಅಗಲದ ಕಂದಕವನ್ನು ಹಿಂದಕ್ಕೆ ಪಲ್ಟಿ ಹೊಡೆಯುತ್ತಾ ದಾಟಿದ ದೃಶ್ಯವನ್ನು ಲಕ್ಷಾಂತರ ಜನ ನೋಡಿದ್ದಾರೆ.

ರೋಮಾಂಚನ ಎಲ್ಲಿಂದ ಬರುತ್ತದೆ?

ಅಪಾಯದ ಅಂಚಿನಲ್ಲಿರುವಾಗ ದೇಹದಲ್ಲಿ ಅಡ್ರಿನಾಲಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಚುರುಕಾಗುತ್ತದೆ, ಗಮನವೆಲ್ಲ ಒಂದೇ ಕಡೆ ನಿಲ್ಲುತ್ತದೆ. ಯಶಸ್ವಿಯಾಗಿ ನೆಲ ಮುಟ್ಟಿದಾಗ ಮೆದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗಿ ಬಹುಮಾನ ಸಿಕ್ಕಿದಂತಹ ಸಂತೋಷ ಉಂಟಾಗುತ್ತದೆ. ಆ ಸಂತೋಷವನ್ನು ಮತ್ತೆ ಪಡೆಯಬೇಕೆಂದು ಮನಸ್ಸು ಹಾತೊರೆಯುತ್ತದೆ.

ಹದಿಹರೆಯದಲ್ಲಿ ಈ ಸೆಳೆತ ಇನ್ನೂ ಬಲವಾಗಿರಲು ಕಾರಣವಿದೆ. ಮೆದುಳಿನಲ್ಲಿ ಸಂತೋಷವನ್ನು ಅರಸುವ ಭಾಗ ಬೇಗ ಚುರುಕಾಗುತ್ತದೆ. ಹಿಂದುಮುಂದು ಯೋಚಿಸಿ 'ಸಾಕು, ನಿಲ್ಲಿಸು' ಎನ್ನುವ ಮುಂಭಾಗ ಪೂರ್ಣವಾಗಿ ಪಕ್ವವಾಗಲು ಇಪ್ಪತ್ತು ವರ್ಷ ದಾಟಬೇಕು. ಗೆಳೆಯರು ನೋಡುತ್ತಿದ್ದರಂತೂ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ. ಈಗ ಆ ಗೆಳೆಯರ ಜೊತೆಗೆ ಕ್ಯಾಮರಾ ಕೂಡ ಸೇರಿಕೊಂಡಿದೆ.

ಆದರೂ ಈ ಆಟದಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಸಮತೋಲನ, ಸ್ನಾಯುಗಳ ಬಲ, ಹೃದಯದ ಆರೋಗ್ಯ, ತಾಳ್ಮೆ ಇವೆಲ್ಲ ಇದರಿಂದ ಬೆಳೆಯುತ್ತವೆ. ದಿನವಿಡೀ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವ ಮಗುವಿಗಿಂತ ಮೈದಾನದಲ್ಲಿ ಬೆವರು ಸುರಿಸುವ ಮಗು ಆರೋಗ್ಯವಂತ.

ವಿಡಿಯೊದಲ್ಲಿ ಕಾಣದ ಭಾಗ

ಸ್ಕಾಟ್ಲೆಂಡಿನ ಡ್ಯಾನಿ ಮೆಕ್‌ಆಸ್ಕಿಲ್ ಸೈಕಲ್ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು. 2009ರಲ್ಲಿ ಅವರ ಜೊತೆ ವಾಸವಿದ್ದ ಗೆಳೆಯ ಎಡಿನ್‌ಬರೋ ನಗರದಲ್ಲಿ ಚಿತ್ರೀಕರಿಸಿದ ವಿಡಿಯೊ ಅವರನ್ನು ಜಗತ್ತಿಗೆ ಪರಿಚಯಿಸಿತು. ಮೊನಚಾದ ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸುವ ಅವರನ್ನು ಕಂಡು ಜನ ಬೆರಗಾದರು. ಆದರೆ ಆ ಒಂದು ಯಶಸ್ಸಿನ ಹಿಂದೆ ಹಲವು ವಿಫಲ ಪ್ರಯತ್ನಗಳಿದ್ದವು. ಬಾಲ್ಯದಿಂದಲೂ ಸೈಕಲ್ ಮೇಲೆಯೇ ಕಳೆದ ವರ್ಷಗಳಿದ್ದವು. ಅಂತಹ ನಿಪುಣನ ಕಾಲರ್ ಬೋನ್ ಕೂಡ ಒಂದಕ್ಕಿಂತ ಹೆಚ್ಚು ಬಾರಿ ಮುರಿದಿದೆ, ಬೆನ್ನಿಗೆ ಶಸ್ತ್ರಚಿಕಿತ್ಸೆಯೂ ಆಗಿದೆ.

ಟೋಕಿಯೊದಲ್ಲಿ ಮಹಿಳೆಯರ ಚಿನ್ನ ಗೆದ್ದ ಬ್ರಿಟನ್ನಿನ ಶಾರ್ಲೆಟ್ ವರ್ದಿಂಗ್ಟನ್ ಮೊದಲ ಸುತ್ತಿನಲ್ಲಿ ಬಿದ್ದರು. ಎರಡನೇ ಸುತ್ತಿನಲ್ಲಿ ಅದೇ ಕಸರತ್ತನ್ನು, ಅಂದರೆ ಹಿಂದಕ್ಕೆ ಪಲ್ಟಿ ಹೊಡೆಯುತ್ತಲೇ ಪಕ್ಕಕ್ಕೆ ಪೂರ್ತಿ ಒಂದು ಸುತ್ತು ತಿರುಗುವುದನ್ನು, ಮಾಡಿ ತೋರಿಸಿದರು. ಮಹಿಳಾ ಒಲಿಂಪಿಕ್ ಸ್ಪರ್ಧೆಯಲ್ಲಿ ಅದನ್ನು ಮಾಡಿದವರಲ್ಲಿ ಅವರೇ ಮೊದಲಿಗರು. ಇಂತಹ ಕಸರತ್ತನ್ನು ಯಾರೂ ನೇರವಾಗಿ ಗಟ್ಟಿ ನೆಲದ ಮೇಲೆ ಕಲಿಯುವುದಿಲ್ಲ. ಮೊದಲು ಸ್ಪಂಜಿನ ತುಂಡುಗಳನ್ನು ತುಂಬಿದ ದೊಡ್ಡ ಗುಂಡಿಗೆ ಹಾರಿ ಅಭ್ಯಾಸ ಮಾಡುತ್ತಾರೆ. ಆಮೇಲೆ ಗಾಳಿ ತುಂಬಿದ ದಿಂಬು ಅಥವಾ ಮೆತ್ತನೆಯ ಹಾಸಿನ ಇಳಿಜಾರು. ಅಲ್ಲಿ ಕೈ ಕುದುರಿದ ನಂತರವೇ ನಿಜವಾದ ಇಳಿಜಾರು. ಪಕ್ಕದಲ್ಲಿ ತರಬೇತುದಾರರಿರುತ್ತಾರೆ, ಸ್ಪರ್ಧೆಯಲ್ಲಾದರೆ ವೈದ್ಯಕೀಯ ತಂಡವೂ ಆಂಬುಲೆನ್ಸೂ ಸಿದ್ಧವಾಗಿರುತ್ತವೆ.

ಕೆಲವು ಸೆಕೆಂಡುಗಳ ವಿಡಿಯೊದಲ್ಲಿ ಇದ್ಯಾವುದೂ ಇಲ್ಲ. ಅದನ್ನು ನೋಡುವ ಮಗುವಿಗೆ ಧೈರ್ಯವೊಂದಿದ್ದರೆ ಸಾಕೆಂದು ಅನಿಸುತ್ತದೆ.

ನುರಿತವರೂ ಬಿದ್ದರು

ಎಲ್ಲ ಸಿದ್ಧತೆಯಿದ್ದರೂ ಅಪಾಯ ಪೂರ್ತಿ ಹೋಗುವುದಿಲ್ಲ. 2001ರಲ್ಲಿ ಎಕ್ಸ್ ಗೇಮ್ಸ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಸ್ಟೀಫನ್ ಮರ್ರೆ 2007ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಸ್ಪರ್ಧೆಯಲ್ಲಿ ಎರಡು ಪಲ್ಟಿ ಹೊಡೆಯಲು ಹೋಗಿ ಬಿದ್ದರು. ಕತ್ತಿನ ಮೂಳೆಗಳು ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಕತ್ತಿನ ಕೆಳಗೆ ದೇಹ ಸ್ವಾಧೀನ ಕಳೆದುಕೊಂಡಿತು.

ಬ್ರಿಟನ್ನಿನ ಇನ್ನೊಬ್ಬ ಹೆಸರಾಂತ ಸವಾರ ಮಾರ್ಟಿನ್ ಆಷ್ಟನ್ 2013ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಪ್ರದರ್ಶನ ನೀಡುತ್ತಿದ್ದಾಗ ಸುಮಾರು 3 ಮೀಟರ್ ಎತ್ತರದಿಂದ ಹಿಮ್ಮುಖವಾಗಿ ಬಿದ್ದರು. ಸೊಂಟದ ಕೆಳಗಿನ ಭಾಗ ಬಲ ಕಳೆದುಕೊಂಡಿತು. ಅವರ ಎಷ್ಟೋ ಕಸರತ್ತುಗಳಿಗೆ ಹೋಲಿಸಿದರೆ ಆ ಎತ್ತರ ದೊಡ್ಡದಾಗಿರಲಿಲ್ಲ. ಆದರೆ 10 ಅಡಿ ಎತ್ತರದಿಂದ ಬೀಳುವ ದೇಹ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್ ಆಗಿರುತ್ತದೆ. ಮನೆಯ ಕಾಂಪೌಂಡಿನಷ್ಟು, ಅಂದರೆ 6 ಅಡಿ ಎತ್ತರದಿಂದ ಬಿದ್ದರೂ ಅದು ಸುಮಾರು 22 ಕಿಲೋಮೀಟರ್. ಎರಡು ವರ್ಷಗಳ ನಂತರ ಆಷ್ಟನ್ ಗೆಳೆಯರ ನೆರವಿನಿಂದ ವಿಶೇಷವಾಗಿ ಮಾರ್ಪಡಿಸಿದ ಸೈಕಲ್ ಮೇಲೆ ಮತ್ತೆ ಬೆಟ್ಟ ಇಳಿದರು. ಅವರ ಮನೋಬಲ ಮೆಚ್ಚುವಂತಹದು, ಆದರೆ ಕಾಲುಗಳ ಬಲ ಮರಳಿ ಬರಲಿಲ್ಲ.

2016ರ ಒಲಿಂಪಿಕ್ ಬಿಎಂಎಕ್ಸ್ ಓಟದ ಚಿನ್ನ ಗೆದ್ದಿದ್ದ ಅಮೆರಿಕದ ಕಾನರ್ ಫೀಲ್ಡ್ಸ್ ಟೋಕಿಯೊದಲ್ಲಿ ಬಿದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಶ್ವಾಸಕೋಶಕ್ಕೂ ಪೆಟ್ಟಾಯಿತು. ಹೆಲ್ಮೆಟ್ ಇತ್ತು, ಕ್ಷಣಗಳಲ್ಲಿ ವೈದ್ಯರು ಓಡಿಬಂದರು, ಜೀವ ಉಳಿಯಿತು.

ಡೇವ್ ಮಿರ್ರಾ ಎಕ್ಸ್ ಗೇಮ್ಸ್‌ನಲ್ಲಿ 24 ಪದಕ ಗೆದ್ದ ಬಿಎಂಎಕ್ಸ್ ದಿಗ್ಗಜ. 2016ರಲ್ಲಿ, 41ನೇ ವಯಸ್ಸಿನಲ್ಲಿ ಅವರು ತಾವಾಗಿಯೇ ಜೀವ ಕಳೆದುಕೊಂಡರು. ನಂತರ ಅವರ ಮೆದುಳನ್ನು ಪರೀಕ್ಷಿಸಿದ ವೈದ್ಯರಿಗೆ ಸಿಟಿಇ ಎಂಬ ಕಾಯಿಲೆಯ ಗುರುತುಗಳು ಕಂಡವು. ತಲೆಗೆ ಪದೇ ಪದೇ ಬೀಳುವ ಪೆಟ್ಟಿನೊಂದಿಗೆ ತಳುಕು ಹಾಕಿಕೊಂಡಿರುವ ಈ ಕಾಯಿಲೆಯನ್ನು ಮರಣದ ನಂತರವಷ್ಟೇ ಖಚಿತವಾಗಿ ಗುರುತಿಸಬಹುದು. ಮಿರ್ರಾ ಯೌವನದಲ್ಲಿ ಕಾರು ಡಿಕ್ಕಿಯಾಗಿ ತಲೆಬುರುಡೆ ಒಡೆದುಕೊಂಡಿದ್ದರು, ಬಾಕ್ಸಿಂಗ್ ಕೂಡ ಆಡಿದ್ದರು. ಹಾಗಾಗಿ ಸೈಕಲೊಂದನ್ನೇ ಹೊಣೆ ಮಾಡಲಾಗದು. ಆದರೆ ತಲೆಗೆ ಬಿದ್ದ ಪ್ರತಿ ಪೆಟ್ಟನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕೆಂಬ ಪಾಠವನ್ನು ಅವರ ಬದುಕು ಇಡೀ ಕ್ರೀಡಾಲೋಕಕ್ಕೆ ಕಲಿಸಿತು.

ನಮ್ಮ ಮಕ್ಕಳ ಕೈಯಲ್ಲಿರುವ ಸೈಕಲ್

ನಮ್ಮಲ್ಲಿ ಹೆಚ್ಚಿನ ಮಕ್ಕಳು ಸ್ಟಂಟ್ ಮಾಡುವುದು ಬಿಎಂಎಕ್ಸ್ ಸೈಕಲಿನಲ್ಲಲ್ಲ, ಶಾಲೆಗೆ ಹೋಗಲೆಂದೋ ಹಬ್ಬಕ್ಕೆಂದೋ ಕೊಡಿಸಿದ ಸಾಮಾನ್ಯ ಗೇರ್ ಸೈಕಲಿನಲ್ಲಿ. ದಪ್ಪ ಟಯರು, ಡಿಸ್ಕ್ ಬ್ರೇಕು ನೋಡಿ ಅದು ಏನನ್ನಾದರೂ ತಾಳಿಕೊಳ್ಳುತ್ತದೆಂದು ಮಕ್ಕಳು ನಂಬುತ್ತಾರೆ. ಕಡಿಮೆ ಬೆಲೆಯ ಇಂತಹ ಸೈಕಲ್‌ಗಳನ್ನು ರಸ್ತೆಯಲ್ಲಿ ಓಡಿಸಲು ಮಾಡಿರುತ್ತಾರೆ, ಎತ್ತರದಿಂದ ಹಾರಿಸಲು ಅಲ್ಲ. ಪದೇ ಪದೇ ಹಾರಿಸಿದರೆ ಮುಂದಿನ ಫೋರ್ಕು ಬಾಗಬಹುದು, ರಿಮ್ಮು ಸೊಟ್ಟಗಾಗಬಹುದು, ಹ್ಯಾಂಡಲ್ ಸಡಿಲವಾಗಬಹುದು. ಜಾಗವೂ ಅಷ್ಟೇ. ಇಲ್ಲಿ ಸ್ಪಂಜಿನ ಗುಂಡಿಯಿಲ್ಲ. ಡಾಂಬರು ರಸ್ತೆ, ಕಾಂಕ್ರೀಟ್ ಚರಂಡಿ, ಎದುರಿನಿಂದ ಬರುವ ಬಸ್ಸು ಇವೆ. ವೃತ್ತಿಪರ ಸವಾರನಿಗಿರುವ ಒಂದು ರಕ್ಷಣೆಯೂ ಇಲ್ಲದೆ ನಮ್ಮ ಮಗು ಅದೇ ಕಸರತ್ತಿಗೆ ಇಳಿಯುತ್ತದೆ.

ಕೈ ಮತ್ತು ಭುಜದ ಪೆಟ್ಟು

ಬೀಳುವಾಗ ಎಲ್ಲರೂ ಕೈ ಮುಂದೆ ಚಾಚುತ್ತಾರೆ. ಅದಕ್ಕೇ ಸೈಕಲಿನಿಂದ ಬಿದ್ದವರಲ್ಲಿ ಮಣಿಕಟ್ಟು, ಮುಂಗೈ ಮತ್ತು ಕಾಲರ್ ಬೋನ್ ಮುರಿತ ಹೆಚ್ಚು. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಬಳಿ ಗೋಡಂಬಿಯಾಕಾರದ ಒಂದು ಪುಟ್ಟ ಮೂಳೆಯಿದೆ. ವೈದ್ಯರು ಅದನ್ನು ಸ್ಕೇಫಾಯ್ಡ್ ಎನ್ನುತ್ತಾರೆ. ಅದು ಬಿರುಕು ಬಿಟ್ಟರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. 'ಬರೀ ಉಳುಕು' ಎಂದು ಬಿಟ್ಟರೆ ರಕ್ತ ಸಂಚಾರ ಸಾಲದೆ ಮೂಳೆ ಕೂಡಿಕೊಳ್ಳದೆ ಉಳಿದು, ಮುಂದೆ ಜೀವನವಿಡೀ ನೋವು ಕೊಡಬಹುದು. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಮೂಡುವ ಕುಳಿಯನ್ನು ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಸರಿಯಿದ್ದರೂ ಎರಡು ವಾರದೊಳಗೆ ಮತ್ತೆ ತೋರಿಸಬೇಕು.

ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಪದರವಿರುತ್ತದೆ. ಅಲ್ಲಿ ಮುರಿದು ಸರಿಯಾಗಿ ಕೂಡದಿದ್ದರೆ ಕೈಯೋ ಕಾಲೋ ಸೊಟ್ಟಗೆ ಬೆಳೆಯಬಹುದು. ಎಣ್ಣೆ ಹಾಕಿ ತಿಕ್ಕುವುದು, ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿಸುವುದು ಅಪಾಯ. ಬಿಗಿಕಟ್ಟಿನೊಳಗೆ ಊತ ಹೆಚ್ಚಿ ರಕ್ತ ಸಂಚಾರ ನಿಂತು ಕೈಯನ್ನೇ ಕಳೆದುಕೊಂಡ ಪ್ರಕರಣಗಳು ವೈದ್ಯರಿಗೆ ಹೊಸತಲ್ಲ. ಕಟ್ಟು ಹಾಕಿದ ಮೇಲೆ ನೋವು ಹೆಚ್ಚುತ್ತಾ ಹೋದರೆ, ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಿ.

ಹ್ಯಾಂಡಲ್ ಚುಚ್ಚಿದ ಹೊಟ್ಟೆ

ಹೆತ್ತವರು ಮುಖ್ಯವಾಗಿ ತಿಳಿದಿರಬೇಕಾದ ಗಾಯ ಇದು. ಸೈಕಲ್ ಬೀಳುವಾಗ ಮುಂಚಕ್ರ ತಿರುಗಿ ಹ್ಯಾಂಡಲಿನ ತುದಿ ನೇರವಾಗಿ ಮಗುವಿನ ಹೊಟ್ಟೆಗೆ ಗುದ್ದುತ್ತದೆ. ಹೊರಗೆ ನಾಣ್ಯದಷ್ಟು ದುಂಡನೆಯ ಕೆಂಪು ಗುರುತು, ಕೆಲವೊಮ್ಮೆ ಅದೂ ಇರುವುದಿಲ್ಲ. ಮಗು ಎದ್ದು ಧೂಳು ಕೊಡವಿಕೊಂಡು ಮನೆಗೆ ಬರುತ್ತದೆ. ಒಳಗೆ ಮಾತ್ರ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿ ಅಥವಾ ಸಣ್ಣ ಕರುಳಿಗೆ ಪೆಟ್ಟಾಗಿರಬಹುದು. ಮಕ್ಕಳ ಹೊಟ್ಟೆಯ ಸ್ನಾಯುಗಳು ತೆಳು, ಕೊಬ್ಬು ಕಡಿಮೆ, ಪಕ್ಕೆಲುಬುಗಳು ಮೃದು. ಹೀಗಾಗಿ ಪೆಟ್ಟಿನ ಬಲ ನೇರವಾಗಿ ಒಳಗಿನ ಅಂಗಕ್ಕೆ ತಲುಪುತ್ತದೆ. ಮೇದೋಜೀರಕ ಗ್ರಂಥಿ, ಕರುಳಿನ ಗಾಯದ ಲಕ್ಷಣಗಳು ಕಾಣಿಸಿಕೊಳ್ಳಲು ಗಂಟೆಗಳೇನು, ಒಂದೆರಡು ದಿನವೂ ಹಿಡಿಯಬಹುದು.

ಬಿಎಂಎಕ್ಸ್ ಇತಿಹಾಸದಲ್ಲಿ ಅತಿ ಎತ್ತರಕ್ಕೆ ಹಾರಿದವರೆಂದು ಹೆಸರಾದ ಅಮೆರಿಕದ ಮ್ಯಾಟ್ ಹಾಫ್‌ಮನ್ ಕೂಡ 1990ರ ದಶಕದಲ್ಲಿ ಬಿದ್ದಾಗ ಗುಲ್ಮ ಒಡೆದು, ಒಳಗೇ ರಕ್ತ ಸೋರಿ ಸಾವಿನ ಬಾಗಿಲು ತಟ್ಟಿ ಬಂದವರು.

ಈ ಲಕ್ಷಣಗಳನ್ನು ನೆನಪಿಡಿ: ಹೊಟ್ಟೆನೋವು ಹೆಚ್ಚುತ್ತಾ ಹೋಗುವುದು, ವಾಂತಿ, ಊಟ ಬೇಡವೆನ್ನುವುದು, ಹೊಟ್ಟೆ ಗಟ್ಟಿಯಾಗುವುದು ಅಥವಾ ಉಬ್ಬುವುದು, ಎಡಭುಜದಲ್ಲಿ ಕಾರಣವಿಲ್ಲದ ನೋವು, ಮುಖ ಬಿಳಿಚಿಕೊಂಡು ತಣ್ಣನೆ ಬೆವರುವುದು, ಮೂತ್ರದಲ್ಲಿ ರಕ್ತ. ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ವೈದ್ಯರ ಬಳಿ 'ಹೊಟ್ಟೆನೋವು' ಎಂದಷ್ಟೇ ಹೇಳದೆ 'ಸೈಕಲಿನ ಹ್ಯಾಂಡಲ್ ಹೊಟ್ಟೆಗೆ ತಾಗಿದೆ' ಎಂದು ಸ್ಪಷ್ಟವಾಗಿ ಹೇಳಿ. ಆ ಒಂದು ಮಾತು ತಪಾಸಣೆಯ ದಾರಿಯನ್ನೇ ಬದಲಿಸುತ್ತದೆ.

ಸೀಟಿನ ಮುಂದಿನ ಅಡ್ಡಸರಳಿನ ಮೇಲೆ ಕಾಲು ಅಗಲಿಸಿ ಬಿದ್ದಾಗ ಮೂತ್ರನಾಳಕ್ಕೂ ಪೆಟ್ಟಾಗಬಹುದು. ನಾಚಿಕೆಯಿಂದ ಮಕ್ಕಳು ಇದನ್ನು ಯಾರಿಗೂ ಹೇಳುವುದಿಲ್ಲ. ಮೂತ್ರ ಬಾರದಿದ್ದರೆ, ರಕ್ತ ಕಂಡರೆ ಅಥವಾ ಊತವಿದ್ದರೆ ಅದು ತುರ್ತು ಸ್ಥಿತಿ. ನಾಚಿಕೊಳ್ಳದೆ ಹೇಳಬೇಕೆಂದು ಮಕ್ಕಳಿಗೆ ಮೊದಲೇ ತಿಳಿಸಿರಿ.

ತಲೆಗೆ ಬಿದ್ದ ಪೆಟ್ಟು

ತಲೆಗೆ ಏಟು ಬಿದ್ದಾಗ ಮೆದುಳು ಬುರುಡೆಯೊಳಗೆ ಅಲುಗಾಡುತ್ತದೆ. ಇದರಿಂದ ಆಗುವ ತಾತ್ಕಾಲಿಕ ತೊಂದರೆಗೆ ಕನ್‌ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ತಲೆನೋವು, ತಲೆಸುತ್ತು, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು, ಬೆಳಕು ಅಥವಾ ಸದ್ದು ಸಹಿಸಲಾಗದಿರುವುದು, ಕಾರಣವಿಲ್ಲದ ಸಿಡುಕು ಇವೇ ಲಕ್ಷಣಗಳು. ಇವುಗಳಲ್ಲಿ ಒಂದಿದ್ದರೂ ಆ ದಿನ ಮತ್ತೆ ಸೈಕಲ್ ಹತ್ತಬಾರದು. ವೈದ್ಯರಿಗೆ ತೋರಿಸಿ, ಒಂದೆರಡು ದಿನ ವಿಶ್ರಾಂತಿ ಪಡೆದು, ಮೊಬೈಲ್ ಕಡಿಮೆ ಮಾಡಿ, ಮೊದಲು ಪಾಠಕ್ಕೆ, ಆಮೇಲೆ ನಿಧಾನವಾಗಿ ಆಟಕ್ಕೆ ಮರಳಬೇಕು. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೇ ಪೆಟ್ಟು ಬಿದ್ದರೆ ಮೆದುಳು ಬಾತು ಪ್ರಾಣಕ್ಕೇ ಕುತ್ತಾಗಬಹುದು. ಇದು ಅಪರೂಪವಾದರೂ ಆಗುವುದು ಹೆಚ್ಚಾಗಿ ಎಳೆಯರಿಗೇ.

ಪದೇ ಪದೇ ವಾಂತಿ, ಹೆಚ್ಚುವ ತಲೆನೋವು, ಎಬ್ಬಿಸಲಾಗದಂತಹ ನಿದ್ದೆ, ಫಿಟ್ಸ್, ತೊದಲು ಮಾತು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರಿನಂತಹ ದ್ರವ ಬರುವುದು ಕಂಡರೆ ಕೂಡಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಬಿದ್ದ ಜಾಗದಲ್ಲಿ

ಬಿದ್ದವರನ್ನು ತಕ್ಷಣ ಎತ್ತಿ ಕೂರಿಸುವುದು, ನೀರು ಕುಡಿಸುವುದು ನಮ್ಮ ಅಭ್ಯಾಸ. ಇದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. ಕತ್ತು ಅಥವಾ ಬೆನ್ನು ನೋಯುತ್ತದೆ ಎಂದರೆ, ಕೈಕಾಲು ಜೋಮು ಹಿಡಿದಿದ್ದರೆ, ಅಲುಗಾಡಿಸಲಾಗದಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಬೆನ್ನುಮೂಳೆಗೆ ಪೆಟ್ಟಾಗಿದೆಯೆಂದೇ ಭಾವಿಸಬೇಕು. ಇದ್ದಲ್ಲೇ ಇರಿಸಿ, ತಲೆಯನ್ನು ಎರಡೂ ಕೈಗಳಿಂದ ಅಲುಗಾಡದಂತೆ ಹಿಡಿದು 108 ಅಥವಾ 112ಕ್ಕೆ ಕರೆ ಮಾಡಿಸಿ. ಉಸಿರಾಟದ ಮೇಲೆ ಕಣ್ಣಿಡಿ. ವಾಹನಗಳು ಬರುವ ಜಾಗವಾದರೆ ಇಬ್ಬರು ಮೂವರು ಸೇರಿ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಸರಿಸಿ. ಆಟೋದಲ್ಲಿ ಮಡಚಿ ಕೂರಿಸಿ ಒಯ್ಯಬೇಡಿ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒತ್ತಿದ ಮೇಲೆ ಪದೇ ಪದೇ ತೆಗೆದು ನೋಡಬೇಡಿ. ಖಾಯಂ ಹಲ್ಲು ಬೇರು ಸಮೇತ ಕಿತ್ತುಬಂದಿದ್ದರೆ ಬಿಸಾಡಬೇಡಿ. ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದೆತ್ತಿ, ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ತಣ್ಣೀರಿನಲ್ಲಿ ಲಘುವಾಗಿ ತೊಳೆದು, ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ದಂತವೈದ್ಯರ ಬಳಿ ಓಡಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮತ್ತೆ ಕೂರಿಸಿದರೆ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ಹಾಲುಹಲ್ಲನ್ನು ಮಾತ್ರ ಹೀಗೆ ಮರಳಿ ಕೂರಿಸುವುದಿಲ್ಲ.

ತರಚು ಗಾಯದ ಶುಚಿತ್ವ

ಮೊಣಕಾಲು, ಮೊಣಕೈ ತರಚಿದ ಗಾಯ ಸಣ್ಣದೆಂದು ಕಂಡರೂ ಅದರೊಳಗೆ ರಸ್ತೆಯ ಮಣ್ಣು, ಪ್ರಾಣಿಗಳ ಸಗಣಿ, ಡಾಂಬರಿನ ಕಣಗಳು ಸೇರಿರುತ್ತವೆ. ಮೊದಲು ನಿಮ್ಮ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಆಮೇಲೆ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಐದಾರು ನಿಮಿಷ ತೊಳೆಯಿರಿ, ಸುತ್ತಲಿನ ಚರ್ಮವನ್ನು ಸಾಬೂನಿನಿಂದ ಸ್ವಚ್ಛಗೊಳಿಸಿ. ಮರಳಿನ ಕಣ ಒಳಗೆ ಉಳಿದರೆ ಸೋಂಕಾಗುತ್ತದೆ, ಚರ್ಮದಲ್ಲಿ ಕಪ್ಪು ಕಲೆಯೂ ಶಾಶ್ವತವಾಗಿ ಉಳಿಯುತ್ತದೆ. ನಂತರ ಶುಭ್ರವಾದ ಗಾಜ್ ಬಟ್ಟೆ ಮುಚ್ಚಿ, ದಿನಕ್ಕೊಮ್ಮೆ ಮತ್ತು ಒದ್ದೆಯಾದಾಗಲೆಲ್ಲ ಬದಲಿಸಿ.

ಕಾಫಿ ಪುಡಿ, ಅರಶಿನ, ಬೂದಿ, ಟೂತ್‌ಪೇಸ್ಟ್ ಇವನ್ನು ತೆರೆದ ಗಾಯಕ್ಕೆ ಮೆತ್ತಬೇಡಿ. ಇವು ಗಾಯವನ್ನು ಕಲುಷಿತಗೊಳಿಸುತ್ತವೆ, ವೈದ್ಯರಿಗೆ ಗಾಯ ಕಾಣದಂತೆಯೂ ಮಾಡುತ್ತವೆ. ಸುತ್ತಲೂ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರನ್ನು ಕಾಣಿರಿ.

ಧನುರ್ವಾಯುವಿನ ಲಸಿಕೆಯನ್ನು ಮರೆಯಬೇಡಿ. ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ 10 ಮತ್ತು 16 ವರ್ಷದ ಮಕ್ಕಳಿಗೆ ಟಿಡಿ ಚುಚ್ಚುಮದ್ದು ಉಚಿತ. ಮಣ್ಣು ಮೆತ್ತಿದ ಗಾಯವಾಗಿದ್ದು ಕೊನೆಯ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಮತ್ತೊಂದು ಬೇಕಾಗುತ್ತದೆ. ಲಸಿಕೆಯ ಕಾರ್ಡನ್ನು ಮಗು ದೊಡ್ಡದಾದ ಮೇಲೂ ಜೋಪಾನವಾಗಿಡಿ.

ಹೆಲ್ಮೆಟ್, ಉಡುಪು, ಸೈಕಲ್

ಹೆಲ್ಮೆಟ್ ಕನ್‌ಕಷನ್ನನ್ನು ಪೂರ್ತಿ ತಡೆಯದು. ಆದರೆ ಬುರುಡೆ ಒಡೆಯುವುದನ್ನೂ ಮೆದುಳಿನ ತೀವ್ರ ಗಾಯವನ್ನೂ ಬಹಳ ಮಟ್ಟಿಗೆ ತಪ್ಪಿಸುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಹಣೆ ಮುಚ್ಚುವಂತೆ ಅದು ನೇರವಾಗಿ ಕೂರಬೇಕು. ಗಲ್ಲದ ಪಟ್ಟಿಯ ಒಳಗೆ ಒಂದು ಬೆರಳಷ್ಟೇ ಹೋಗುವಂತಿರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬಾರದು, ಹೊರಗೆ ಸರಿಯಿದ್ದರೂ ಒಳಗಿನ ಥರ್ಮೊಕೋಲಿನಂತಹ ಪದರ ಜಜ್ಜಿರುತ್ತದೆ. ಹಾರುವ ಕಸರತ್ತಿಗೆ ಗಲ್ಲವನ್ನೂ ಮುಚ್ಚುವ ಹೆಲ್ಮೆಟ್ ಬೇಕು. ಜೊತೆಗೆ ಮೊಣಕಾಲು, ಮೊಣಕೈಗೆ ಪ್ಯಾಡ್, ಕೈಗೆ ಗ್ಲೌಸ್, ಕಾಲಿಗೆ ಶೂ. ಚಪ್ಪಲಿ ಖಂಡಿತ ಬೇಡ.

ಸೈಕಲ್ ಕಲಿಯುವ ಹೆಣ್ಣುಮಕ್ಕಳು ತೆಳುವಾದ, ತಲೆಗೆ ಅಂಟಿ ಕೂರುವ ಸ್ಕಾರ್ಫ್ ಧರಿಸಿ ಅದರ ಮೇಲೆ ಹೆಲ್ಮೆಟ್ ಹಾಕಬೇಕು. ಹೆಲ್ಮೆಟ್ಟಿನ ಕೆಳಗೆ ಪಿನ್ನು, ಕ್ಲಿಪ್ಪು, ದಪ್ಪ ತುರುಬು ಇರಬಾರದು. ಬಿದ್ದಾಗ ಅವು ತಲೆಗೆ ಚುಚ್ಚುತ್ತವೆ, ಹೆಲ್ಮೆಟ್ ಸರಿಯಾಗಿ ಕೂರಲೂ ಬಿಡುವುದಿಲ್ಲ. ಸ್ಕಾರ್ಫಿನ ತುದಿಯನ್ನು ಒಳಗೆ ಸಿಕ್ಕಿಸಿಕೊಳ್ಳಬೇಕು. ಉದ್ದನೆಯ ಉಡುಪು, ಅಗಲ ಪ್ಯಾಂಟಿನ ಅಂಚು ಚೈನಿಗೋ ಚಕ್ರದ ಕಡ್ಡಿಗಳಿಗೋ ಸಿಕ್ಕದಂತೆ ಮಡಚಿ ಕಟ್ಟಿಕೊಳ್ಳಬೇಕು. ಈ ಎಚ್ಚರ ಜುಬ್ಬಾ ಧರಿಸುವ ಹುಡುಗರಿಗೂ ಬೇಕು.

ಸೈಕಲಿನಲ್ಲಿ ಮೊದಲು ನೋಡಬೇಕಾದದ್ದು ಹ್ಯಾಂಡಲಿನ ತುದಿ. ರಬ್ಬರ್ ಹಿಡಿಕೆ ಹರಿದು ಕಬ್ಬಿಣದ ಕೊಳವೆ ಹೊರಗೆ ಬಂದಿದ್ದರೆ ಅದು ಹೊಟ್ಟೆಯನ್ನು ಕೊರೆಯುವ ಆಯುಧವಾಗುತ್ತದೆ. ಹಿಡಿಕೆ ಬದಲಿಸಲು ಹೆಚ್ಚು ಖರ್ಚಿಲ್ಲ. ಎರಡೂ ಬ್ರೇಕು, ಚಕ್ರದ ನಟ್ಟು, ಟಯರಿನ ಗಾಳಿ ಇವನ್ನು ವಾರಕ್ಕೊಮ್ಮೆ ಮಗುವಿನ ಜೊತೆ ಕೂತು ಪರೀಕ್ಷಿಸಿ.

ಹೇಗೆ ಕಲಿಯಬೇಕು, ಹೇಗೆ ಕಲಿಸಬೇಕು?

ಮಗುವಿಗೆ ನಿಜವಾಗಿಯೂ ಆಸಕ್ತಿಯಿದ್ದರೆ ಕ್ರಮವಾಗಿ ಕಲಿಯಲಿ. ಮೊದಲು ಹುಲ್ಲಿನ ಮೇಲೆ ಅಥವಾ ಮೆತ್ತನೆಯ ಮಣ್ಣಿನಲ್ಲಿ ನಿಂತಲ್ಲೇ ಸಮತೋಲನ. ಆಮೇಲೆ ನಿಧಾನ ವೇಗದಲ್ಲಿ ಚಕ್ರ ಎತ್ತುವುದು, ಒಂದು ಚಿಕ್ಕ ಕೋಲನ್ನು ಹಾರಿ ದಾಟುವುದು. ಮುಂಚಕ್ರ ಎತ್ತುವಾಗ ಒಂದು ಬೆರಳು ಸದಾ ಹಿಂದಿನ ಬ್ರೇಕಿನ ಮೇಲಿರಬೇಕು. ಹಿಂದಕ್ಕೆ ಮಗುಚುವಂತಾದಾಗ ಅದನ್ನು ಮೆಲ್ಲನೆ ಒತ್ತಿದರೆ ಮುಂಚಕ್ರ ಕೆಳಗಿಳಿಯುತ್ತದೆ. ಒಂದನ್ನು ಹತ್ತು ಸಲ ತಪ್ಪಿಲ್ಲದೆ ಮಾಡಿದ ಮೇಲೆಯೇ ಮುಂದಿನದು. ಒಬ್ಬಂಟಿಯಾಗಿ ಬೇಡ, ರಸ್ತೆಯಲ್ಲಿ ಬೇಡ, ಕತ್ತಲಾದ ಮೇಲೆ ಬೇಡ. ಸುಸ್ತಾದ ಮೇಲೆ 'ಇನ್ನೊಂದೇ ಸಲ' ಎಂಬ ಮಾತು ಬೇಡವೇ ಬೇಡ. ಕ್ಯಾಮರಾಕ್ಕಾಗಿ, ಪಂಥಕ್ಕಾಗಿ ಹೊಸ ಕಸರತ್ತಿಗೆ ಕೈಹಾಕದಿರಲಿ. ಪಲ್ಟಿ, ಎತ್ತರದ ಜಿಗಿತ ಇವು ಸರಿಯಾದ ಸೌಲಭ್ಯ ಮತ್ತು ತರಬೇತುದಾರರಿಲ್ಲದ ಕಡೆ ಯಾರೂ ಪ್ರಯತ್ನಿಸಬಾರದು.

ಹೆತ್ತವರು ಮಾಡಬೇಕಾದ ಕೆಲಸ ಇನ್ನೂ ಒಂದಿದೆ, ಅದಕ್ಕೆ ಹಣ ಬೇಕಿಲ್ಲ. 'ನೀನು ಬಿದ್ದರೆ ಮೊದಲು ನಮಗೆ ಹೇಳು. ಆ ದಿನ ಯಾರೂ ಬೈಯುವುದಿಲ್ಲ' ಎಂದು ಮಕ್ಕಳಿಗೆ ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಗೆಳೆಯರಿಗೂ ಇದನ್ನೇ ಹೇಳಿ. ಬಿದ್ದವನು ಮನೆಯಲ್ಲಿ ಹೇಳಬೇಡವೆಂದು ಆಣೆ ಹಾಕಿಸಿದರೂ ಜೊತೆಗಿದ್ದವರು ಬಂದು ತಿಳಿಸಬೇಕು. ಅದು ಚಾಡಿಯಲ್ಲ, ಗೆಳೆತನ. ಮಗು ಸಂಜೆ ಊಟ ಬೇಡವೆಂದು ಬೇಗ ಮಲಗಿದರೆ, ಭುಜ ಹಿಡಿದುಕೊಂಡು ನಡೆದರೆ, ಎಂದಿನಂತೆ ಮಾತಾಡದಿದ್ದರೆ ಪಕ್ಕದಲ್ಲಿ ಕೂತು ಮೆಲ್ಲನೆ 'ಇವತ್ತು ಸೈಕಲಿಂದ ಬಿದ್ದೆಯಾ?' ಎಂದು ಕೇಳಿ. ಬಿದ್ದದ್ದು ನಿಜವಾದರೆ ಬುದ್ಧಿಮಾತನ್ನು ನಾಳೆಗಿಟ್ಟು ಮೊದಲು ವೈದ್ಯರ ಬಳಿ ಹೋಗಿ.